ಬಸುರಿ ಮನೆಯಲ್ಲಿ ಬೆಕ್ಕು, ಕೈಯಲ್ಲಿ ಟಾರ್ಚ್ ರಿಪೋರ್ಟು

ಗರ್ಭಿಣಿಯರಲ್ಲಿ ಟಾಕ್ಸೊಪ್ಲಾಸ್ಮಾ ಸೋಂಕಿನ ಬಗ್ಗೆ ಬಂದ ಪತ್ರಗಳಿಗೆ ಪ್ರಸೂತಿ ವೈದ್ಯರು, ಸೂಕ್ಷ್ಮಜೀವಿ ತಜ್ಞರು ಮತ್ತು ಪಶುವೈದ್ಯರು ಸೇರಿ ಉತ್ತರಿಸಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪತ್ರಗಳಲ್ಲಿ ಬರುವ ಟಾರ್ಚ್ ಎಂದರೆ ಟಾಕ್ಸೊಪ್ಲಾಸ್ಮಾ, ರುಬೆಲ್ಲಾ ಮೊದಲಾದ, ಗರ್ಭಕ್ಕೆ ತೊಂದರೆ ಕೊಡಬಲ್ಲ ಸೋಂಕುಗಳನ್ನು ಒಟ್ಟಿಗೆ ನೋಡುವ ರಕ್ತ ಪರೀಕ್ಷೆ.

ಪ್ರಶ್ನೆ: ನನಗೀಗ ಮೂರು ತಿಂಗಳು. ಮನೆಯಲ್ಲಿ ಆರು ವರ್ಷದ ಬೆಕ್ಕಿದೆ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಮಗುವಿಗೆ ತೊಂದರೆ ಎಂದು ಯಾರೋ ಹೇಳಿದ್ದಾರೆ. ಅದನ್ನು ದೂರ ಬಿಟ್ಟು ಬರೋಣ ಎಂದು ಅತ್ತೆಯವರು ಹಟ ಹಿಡಿದಿದ್ದಾರೆ. ಏನು ಮಾಡಲಿ? (ಶಿರಸಿ)

ಬಿಟ್ಟು ಬರಬೇಡಿ. ಈ ಸೋಂಕು ಕೂದಲಿನಿಂದ ಬರುವುದಲ್ಲ, ಬೆಕ್ಕನ್ನು ಮುಟ್ಟಿ ಮುದ್ದಿಸಿದ್ದರಿಂದಲೂ ಅಲ್ಲ. ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಏಕಕೋಶ ಪರಾವಲಂಬಿ ತನ್ನ ಮೊಟ್ಟೆಗಳನ್ನು ಹೊರಬಿಡುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಮಲದಲ್ಲಿ ಮಾತ್ರ. ಸೋಂಕಿರುವ ಇಲಿಯನ್ನೋ ಹಕ್ಕಿಯನ್ನೋ ಹಸಿ ಮಾಂಸವನ್ನೋ ತಿಂದ ಬೆಕ್ಕು ಮೊದಲ ಸಲ ಸೋಂಕು ತಗುಲಿದಾಗ ಒಂದರಿಂದ ಮೂರು ವಾರ ಮೊಟ್ಟೆಗಳನ್ನು ಹೊರಹಾಕುತ್ತದೆ. ಆಮೇಲೆ ಅದಕ್ಕೆ ರೋಗನಿರೋಧಕ ಶಕ್ತಿ ಬರುತ್ತದೆ. ಮತ್ತೆ ಮೊಟ್ಟೆ ಹಾಕುವುದು ಅಪರೂಪ. ಬೇಟೆಯಾಡುವ ಬೆಕ್ಕಿಗೆ ಈ ಸೋಂಕು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ತಗುಲಿ ಮುಗಿದಿರುತ್ತದೆ. ಹಾಗಾಗಿ ನಿಮ್ಮ ಆರು ವರ್ಷದ ಬೆಕ್ಕಿಗಿಂತ, ಅದನ್ನು ಓಡಿಸಿದ ಮೇಲೆ ಆ ಜಾಗಕ್ಕೆ ಬಂದು ಸೇರುವ ಎಳೆ ಬೀದಿಬೆಕ್ಕಿನ ಬಗ್ಗೆಯೇ ಹೆಚ್ಚು ಯೋಚಿಸಬೇಕು.

ಅತ್ತೆಯವರಿಗೆ ಇನ್ನೊಂದು ವಿಷಯ ಹೇಳಿ. ಬೆಕ್ಕಿನ ಮಲದ ಜೊತೆ ಹೊರಬಿದ್ದ ಮೊಟ್ಟೆ ಆ ಕ್ಷಣಕ್ಕೆ ಸೋಂಕು ತರುವುದಿಲ್ಲ. ಗಾಳಿ, ತೇವ, ಬೆಚ್ಚಗಿನ ಹವೆಯಲ್ಲಿ ಅದು ಬಲಿಯಲು 1ರಿಂದ 5 ದಿನ ಬೇಕು. ಬೆಕ್ಕು ಮಲ ಮಾಡುವ ಮರಳಿನ ತಟ್ಟೆಯನ್ನು ಪ್ರತಿದಿನ ತೆಗೆದು ಶುಚಿಮಾಡಿ ಎಂದು ಹೇಳುವುದು ಇದೇ ಕಾರಣಕ್ಕೆ. ಎರಡು ದಿನಕ್ಕೊಮ್ಮೆ ತೆಗೆದರೆ ಈ ಲಾಭ ಸಿಗುವುದಿಲ್ಲ. ಈ ಕೆಲಸ ಮನೆಯ ಬೇರೆಯವರು ಮಾಡಲಿ. ನೀವೇ ಮಾಡಬೇಕಾಗಿ ಬಂದರೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಮರಳನ್ನು ಕೊಡವಿ ದೂಳೆಬ್ಬಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಮಾತ್ರ ಬೇಡ. ತಟ್ಟೆಗೆ ಕುದಿಯುವ ನೀರು ತುಂಬಿಸಿ ಐದರಿಂದ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ನೀರು ಹಾಕಿದರೆ ವಾಸನೆ ಹೋಗುತ್ತದೆ, ಈ ಮೊಟ್ಟೆಗಳು ಸಾಯುವುದಿಲ್ಲ. ಕೊನೆಗೆ ಸೋಪು ಹಚ್ಚಿ ಕೈ ತೊಳೆದುಕೊಳ್ಳಿ.

ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ. ಹೆರಿಗೆಯಾಗುವವರೆಗೆ ಹೊಸ ಮರಿ ತರಬೇಡಿ. ಬೆಕ್ಕಿನ ರಕ್ತ ಪರೀಕ್ಷೆ ಮಾಡಿಸುವುದರಿಂದ ಪ್ರಯೋಜನವಿಲ್ಲ: ಪಾಸಿಟಿವ್ ಬಂದರೆ ಅದು ಮೊಟ್ಟೆ ಹಾಕುವ ಹಂತ ದಾಟಿದೆ ಎಂದೇ ಬಹುಪಾಲು ಅರ್ಥ, ನೆಗೆಟಿವ್ ಬಂದರೆ ಮುಂದೆ ತಗುಲಬಹುದು ಎಂದರ್ಥ. ಎರಡರಲ್ಲೂ ನೀವು ಮಾಡಬೇಕಾದ್ದು ಇಷ್ಟೇ.

ಪ್ರಶ್ನೆ: ಎರಡು ಸಲ ಗರ್ಭ ನಿಲ್ಲಲಿಲ್ಲ. ಟಾರ್ಚ್ ಟೆಸ್ಟ್ ಮಾಡಿಸಿದಾಗ ಟಾಕ್ಸೊಪ್ಲಾಸ್ಮಾ ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್ ಬಂದಿದೆ. ಇದೇ ಕಾರಣ ಎಂದು ಮಾತ್ರೆಗಳ ಕೋರ್ಸ್ ಕೊಟ್ಟಿದ್ದಾರೆ. ಐಜಿಜಿ ನೆಗೆಟಿವ್ ಆಗುವವರೆಗೆ ಕಾಯಬೇಕೆ? (ದಾವಣಗೆರೆ)

ಕಾಯಬೇಡಿ, ಅದು ನೆಗೆಟಿವ್ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ.

ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳಲ್ಲಿ ಐಜಿಎಂ ಮೊದಲು ಹುಟ್ಟುವಂಥದ್ದು. ಐಜಿಜಿ ಎಂಬ ಪ್ರತಿಕಾಯ ಸೋಂಕು ತಗುಲಿದ ಒಂದೆರಡು ವಾರಕ್ಕೆ ಕಾಣಿಸಿಕೊಂಡು, ಒಂದೆರಡು ತಿಂಗಳಲ್ಲಿ ಏರಿ, ಆಮೇಲೆ ಜೀವನವಿಡೀ ಉಳಿಯುತ್ತದೆ. ಐಜಿಜಿ ಇದ್ದು ಐಜಿಎಂ ಇಲ್ಲವೆಂದರೆ ಹಿಂದೆ ಯಾವಾಗಲೋ, ಬಹುಶಃ ನಿಮಗೆ ಗೊತ್ತೇ ಆಗದಂತೆ, ಸೋಂಕು ಬಂದು ಹೋಗಿದೆ. ಪರಾವಲಂಬಿ ಮಾಂಸಖಂಡದಲ್ಲಿ, ಮೆದುಳಿನಲ್ಲಿ ಸಣ್ಣ ಗೂಡು ಕಟ್ಟಿ ನಿದ್ದೆಯಲ್ಲಿರುತ್ತದೆ. ಆ ಗೂಡುಗಳನ್ನು ತೊಡೆದುಹಾಕುವ ಮಾತ್ರೆ ಇಲ್ಲ. ಆರೋಗ್ಯವಂತರಲ್ಲಿ ಅವು ಏಳದಂತೆ ದೇಹವೇ ಕಾಯುತ್ತದೆ. ಇಂಥ ತಾಯಿಯಿಂದ ಮಗುವಿಗೆ ಸೋಂಕು ದಾಟುವುದಿಲ್ಲವೆಂದೇ ಹೇಳಬಹುದು. ಚಿಕಿತ್ಸೆ ಇಲ್ಲದ ಎಚ್‌ಐವಿ ಇರುವವರು, ಅಂಗ ಕಸಿ ಆದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ ಹಳೆಯ ಸೋಂಕು ಮರುಕಳಿಸಬಹುದು. ಅವರ ಲೆಕ್ಕವೇ ಬೇರೆ.

ಒಂದು ಬಸುರಿನಲ್ಲಿ ಹೊಸದಾಗಿ ಸೋಂಕು ತಗುಲಿದರೆ ಆ ಬಸುರಿಗೆ ಅಪಾಯವಾಗಬಹುದು ನಿಜ. ಆದರೆ ಒಮ್ಮೆ ಬಂದ ಸೋಂಕು ಎರಡನೇ, ಮೂರನೇ ಗರ್ಭವನ್ನೂ ಕೆಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪದೇ ಪದೇ ಗರ್ಭಪಾತವಾದವರಿಗೆ ಟಾರ್ಚ್ ಟೆಸ್ಟ್ ಬರೆದುಕೊಡುವ ರೂಢಿ ನಮ್ಮಲ್ಲಿ ಬೇರೂರಿಬಿಟ್ಟಿದೆ. ಅದರಿಂದ ದುಡ್ಡು ಹೋಗುವುದು ಒಂದು ಕಡೆ, ನಿಜವಾದ ಕಾರಣ ಹುಡುಕುವುದು ತಡವಾಗುವುದು ಇನ್ನೊಂದು ಕಡೆ. ನಮ್ಮನ್ನು ಕಾಡುವುದು ಎರಡನೆಯದು. ನೀವು ಕೇಳಬೇಕಾದ ಪರೀಕ್ಷೆಗಳು ಬೇರೆ: ಥೈರಾಯ್ಡ್, ಸಕ್ಕರೆ, ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳು (ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸಿ ಗರ್ಭಕ್ಕೆ ತೊಂದರೆ ಕೊಡುವಂಥವು), ಗರ್ಭಕೋಶದ ಆಕಾರ ನೋಡುವ ಸ್ಕ್ಯಾನ್, ಅಗತ್ಯವೆನಿಸಿದರೆ ವರ್ಣತಂತುಗಳ ಪರೀಕ್ಷೆ. ಆಂಟಿಫಾಸ್ಫೊಲಿಪಿಡ್ ತೊಂದರೆಗೆ ಒಳ್ಳೆಯ ಚಿಕಿತ್ಸೆ ಇದೆ. ಟಾರ್ಚ್ ರಿಪೋರ್ಟಿನ ಹಿಂದೆ ಬಿದ್ದು ಅದು ತಪ್ಪಿಹೋಗಬಾರದು.

ಈ ರಿಪೋರ್ಟನ್ನು ಮಾತ್ರ ಜೋಪಾನವಾಗಿಡಿ. ಗರ್ಭ ಧರಿಸುವ ಮೊದಲೇ ಐಜಿಜಿ ಪಾಸಿಟಿವ್ ಇತ್ತು ಎಂಬ ದಾಖಲೆ ಇದ್ದರೆ ಮುಂದಿನ ಬಸುರಿನಲ್ಲಿ ಈ ಪರೀಕ್ಷೆಯ ಅಗತ್ಯವೇ ಇರುವುದಿಲ್ಲ.

ಪ್ರಶ್ನೆ: ಹತ್ತು ವಾರದ ಗರ್ಭಿಣಿ. ಐಜಿಎಂ, ಐಜಿಜಿ ಎರಡೂ ಪಾಸಿಟಿವ್. ಮಗು ಅಂಗವಿಕಲವಾಗುತ್ತದೆ, ತೆಗೆಸಿಬಿಡಿ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ಇನ್ನೊಂದು ವಾರದಲ್ಲಿ ನಿರ್ಧರಿಸಬೇಕಂತೆ. (ಹುಬ್ಬಳ್ಳಿ)

ಈ ಒಂದು ರಿಪೋರ್ಟಿನ ಮೇಲೆ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ. ಒಂದು ವಾರದ ಗಡುವು ಎಲ್ಲಿಂದ ಬಂತೋ, ವೈದ್ಯಕೀಯವಾಗಿ ಅಂಥ ಗಡುವು ಇಲ್ಲ.

ಐಜಿಎಂ ಪಾಸಿಟಿವ್ ಎಂದರೆ ಹೊಸ ಸೋಂಕು ಎಂದು ಎಲ್ಲರೂ ಓದಿಕೊಳ್ಳುತ್ತಾರೆ. ಟಾಕ್ಸೊಪ್ಲಾಸ್ಮಾದಲ್ಲಿ ಆ ಓದು ಮತ್ತೆ ಮತ್ತೆ ತಪ್ಪುತ್ತದೆ, ಎರಡು ಕಾರಣಕ್ಕೆ. ಐಜಿಎಂ ಕೆಲವರಲ್ಲಿ ಒಂದು ವರ್ಷ, ಇನ್ನೂ ಹೆಚ್ಚು ಕಾಲ ಉಳಿದುಬಿಡುತ್ತದೆ. ಜೊತೆಗೆ, ಸೋಂಕೇ ಇಲ್ಲದವರಲ್ಲೂ ಕಿಟ್ಟುಗಳು ಸುಳ್ಳು ಪಾಸಿಟಿವ್ ತೋರಿಸುವುದುಂಟು. ಹಾಗಾಗಿ ಮುಂದಿನ ಹೆಜ್ಜೆ ಐಜಿಜಿ ಅವಿಡಿಟಿ ಪರೀಕ್ಷೆ. ಸೋಂಕು ಹೊಸದಿದ್ದಾಗ ಐಜಿಜಿಯ ಹಿಡಿತ ಸಡಿಲವಾಗಿರುತ್ತದೆ, ತಿಂಗಳುಗಳು ಕಳೆದಂತೆ ಬಿಗಿಯಾಗುತ್ತದೆ. ಈ ಹಿಡಿತದ ಬಲವನ್ನೇ ಅವಿಡಿಟಿ ಅಳೆಯುತ್ತದೆ. ಅವಿಡಿಟಿ ಹೆಚ್ಚಿದ್ದರೆ ಸೋಂಕು ಆಗಿ ಕನಿಷ್ಠ ಮೂರ್ನಾಲ್ಕು ತಿಂಗಳಾಗಿದೆ. ನಿಮಗೀಗ ಹತ್ತು ವಾರ, ಅಂದರೆ ಗರ್ಭ ನಿಲ್ಲುವ ಮೊದಲೇ ಸೋಂಕಾಗಿ ಮುಗಿದಿತ್ತು, ಚಿಂತೆಯೂ ಮುಗಿಯಿತು. ಈ ಪರೀಕ್ಷೆಯ ಪೂರ್ಣ ಪ್ರಯೋಜನ ಸಿಗುವುದು ಮೊದಲ ಹದಿನಾರು ವಾರದೊಳಗೆ ಮಾಡಿಸಿದರೆ. ಏಳನೇ ತಿಂಗಳಲ್ಲಿ ಮಾಡಿಸಿ ಅವಿಡಿಟಿ ಹೆಚ್ಚು ಬಂದರೂ, ಬಸುರಿನ ಮೊದಲ ತಿಂಗಳುಗಳಲ್ಲಿ ಸೋಂಕಾಯಿತೇ ಎಂಬುದು ಗೊತ್ತಾಗುವುದಿಲ್ಲ.

ಅವಿಡಿಟಿ ಕಡಿಮೆ ಬಂದರೆ? ಆಗಲೂ ಗಾಬರಿ ಬೇಡ. ಕೆಲವರಲ್ಲಿ ಅದು ಬಹಳ ಕಾಲ ಕಡಿಮೆಯೇ ಇರುತ್ತದೆ, ಕಡಿಮೆ ಎಂದ ಮಾತ್ರಕ್ಕೆ ಹೊಸ ಸೋಂಕು ಎಂದು ಸಾಬೀತಾಗುವುದಿಲ್ಲ. ಎರಡು ಮೂರು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟು, ಅದೇ ಲ್ಯಾಬಿನಲ್ಲಿ ಅದೇ ಕಿಟ್ಟಿನಲ್ಲಿ ಐಜಿಜಿ ನೋಡಿಸಬೇಕು. ಸಾಧ್ಯವಿದ್ದರೆ ಹಳೆಯ ಮಾದರಿಯನ್ನು ಇಟ್ಟುಕೊಳ್ಳಲು ಹೇಳಿ ಎರಡನ್ನೂ ಒಟ್ಟಿಗೆ ಹಾಕಿಸಿ. ಬೇರೆ ಬೇರೆ ಲ್ಯಾಬಿನ ಸಂಖ್ಯೆಗಳನ್ನು ಹೋಲಿಸಿದರೆ ಅದಕ್ಕೆ ಅರ್ಥವಿಲ್ಲ. ಪ್ರಮಾಣ ಸ್ಪಷ್ಟವಾಗಿ ಏರುತ್ತಿದ್ದರೆ ಹೊಸ ಸೋಂಕು, ಇದ್ದಲ್ಲೇ ಇದ್ದರೆ ಹಳೆಯದು. ಮೊದಲು ಐಜಿಎಂ ಮಾತ್ರ ಪಾಸಿಟಿವ್ ಬಂದವರಿಗೆ ಎರಡು ಮೂರು ವಾರದ ಮೇಲೂ ಐಜಿಜಿ ಹುಟ್ಟದಿದ್ದರೆ ಆ ಐಜಿಎಂ ಸುಳ್ಳು.

ನಿಜಕ್ಕೂ ಹೊಸ ಸೋಂಕೇ ಆಗಿದ್ದರೂ ಮಗುವಿಗೆ ದಾಟಿದೆ ಎಂದಲ್ಲ. ಮೊದಲ ಮೂರು ತಿಂಗಳಲ್ಲಿ ಸೋಂಕಾದರೆ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ ಸುಮಾರು 10–15, ನಡುವಿನ ತಿಂಗಳುಗಳಲ್ಲಿ ಸುಮಾರು 30, ಕೊನೆಯ ತಿಂಗಳುಗಳಲ್ಲಿ 60 ದಾಟುತ್ತದೆ. ತೀವ್ರತೆ ಮಾತ್ರ ತಿರುವುಮುರುವು: ಆರಂಭದಲ್ಲಿ ದಾಟುವುದು ಕಡಿಮೆ, ದಾಟಿದರೆ ಹಾನಿ ಹೆಚ್ಚು. ಮೆದುಳಿನಲ್ಲಿ ನೀರು ತುಂಬುವುದು, ಮೆದುಳಿನಲ್ಲಿ ಸುಣ್ಣದ ಚುಕ್ಕೆಗಳು, ಕಣ್ಣಿನ ಅಕ್ಷಿಪಟಲದ ಉರಿಯೂತ ಮುಖ್ಯವಾದವು.

ಹೊಸ ಸೋಂಕಿನ ಅನುಮಾನ ಬಲವಾಗಿದ್ದರೆ ವೈದ್ಯರು ಸ್ಪೈರಾಮೈಸಿನ್ ಶುರುಮಾಡುತ್ತಾರೆ, ಸಾಮಾನ್ಯವಾಗಿ 1 ಗ್ರಾಂ, ಅಂದರೆ 30 ಲಕ್ಷ ಯೂನಿಟ್, ದಿನಕ್ಕೆ 3 ಬಾರಿ. ಇದು ಮಾಸಿನಲ್ಲಿ ಶೇಖರವಾಗಿ ಸೋಂಕು ಮಗುವಿನತ್ತ ದಾಟದಂತೆ ತಡೆಯಲು ಕೊಡುವ ಔಷಧ. ಮಗುವಿನ ಮೈಗೆ ಅದು ಸಾಕಷ್ಟು ಹೋಗುವುದಿಲ್ಲ. ಆದ್ದರಿಂದ ಮಗುವಿಗೆ ಸೋಂಕಿದೆಯೇ ಎಂದು ತಿಳಿಯಲು 18 ವಾರ ತುಂಬಿದ ಮೇಲೆ, ತಾಯಿಗೆ ಸೋಂಕಾಗಿ ಕನಿಷ್ಠ 4 ವಾರ ಕಳೆದ ಮೇಲೆ, ಗರ್ಭನೀರು ತೆಗೆದು, ಅದರಲ್ಲಿ ಪರಾವಲಂಬಿಯ ಡಿಎನ್‌ಎ ಇದೆಯೇ ಎಂದು ನೋಡುವ ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಅದಕ್ಕಿಂತ ಮೊದಲೇ ತೆಗೆದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು. ಪಿಸಿಆರ್ ಪಾಸಿಟಿವ್ ಬಂದರೆ ಪೈರಿಮೆಥಮಿನ್, ಸಲ್ಫಾಡಯಾಜಿನ್, ಫೋಲಿನಿಕ್ ಆಸಿಡ್ ಮೂರನ್ನೂ ಒಟ್ಟಿಗೆ ಕೊಡಬೇಕಾಗುತ್ತದೆ. ಪೈರಿಮೆಥಮಿನ್ ಮೊದಲ ಮೂರು ತಿಂಗಳಲ್ಲಿ ಕೂಡದು. ಅದು ಮೂಳೆಮಜ್ಜೆಯನ್ನು ಕುಗ್ಗಿಸುವುದರಿಂದ ರಕ್ತಕಣಗಳ ಎಣಿಕೆಯನ್ನು ಆಗಾಗ ನೋಡಿಸಬೇಕು. ಫೋಲಿನಿಕ್ ಆಸಿಡ್ ಬದಲು ಅಂಗಡಿಯವರು ಮಾಮೂಲಿ ಫೋಲಿಕ್ ಆಸಿಡ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಹೆಸರು ಹತ್ತಿರವಿದ್ದರೂ ಈ ಔಷಧದ ಅಡ್ಡಪರಿಣಾಮವನ್ನು ತಡೆಯುವುದು ಫೋಲಿನಿಕ್ ಮಾತ್ರ.

ಈಗ ಮಾಡಬೇಕಾದ್ದು: ಅವಿಡಿಟಿಗೆ ರಕ್ತ ಕೊಡಿ, ಭ್ರೂಣವೈದ್ಯಕೀಯ ತಜ್ಞರನ್ನು ಕಾಣಿ, ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ತೆಗೆದುಕೊಂಡು ಹೋಗಿ.

ಪ್ರಶ್ನೆ: ನಮ್ಮದು ಮಾಂಸಾಹಾರಿ ಮನೆ. ನಾಟಿ ಕೋಳಿ, ಕುರಿ ಮಾಂಸ ವಾರಕ್ಕೊಮ್ಮೆ ಇದ್ದೇ ಇದೆ. ಬಸುರಿ ಮಗಳಿಗೆ ನಿಲ್ಲಿಸಬೇಕೆ? (ಮಂಡ್ಯ)

ನಿಲ್ಲಿಸಬೇಡಿ, ಬಸುರಿಗೆ ಪ್ರೋಟೀನು, ಕಬ್ಬಿಣ ಬೇಕು. ಬೇಯಿಸುವುದರಲ್ಲಿ ಮಾತ್ರ ರಾಜಿ ಬೇಡ. ಯುರೋಪಿನ ಆರು ನಗರಗಳ ಗರ್ಭಿಣಿಯರ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಅದರಲ್ಲಿ ಸೋಂಕಿನ 30ರಿಂದ 63 ಪ್ರತಿಶತ ಪಾಲು ಅರೆಬೆಂದ ಮಾಂಸದ್ದು, 6ರಿಂದ 17 ಪ್ರತಿಶತ ಮಣ್ಣಿನದ್ದು. ಬೆಕ್ಕಿನ ಸಂಪರ್ಕ ಅಪಾಯದ ಅಂಶವಾಗಿ ಕಾಣಲಿಲ್ಲ. ನಮ್ಮ ಅಡುಗೆ ಅವರಂತಲ್ಲ, ನಮ್ಮಲ್ಲಿ ಅರೆಬೆಂದ ಮಾಂಸ ಕಡಿಮೆ. ಆದರೂ ಸಂದುಗೊಂದುಗಳಲ್ಲಿ ಸೋಂಕು ನುಸುಳುತ್ತದೆ.

ಕುರಿ, ಮೇಕೆ, ಹಂದಿಯ ಮಾಂಸದಲ್ಲಿ ಈ ಪರಾವಲಂಬಿಯ ಗೂಡುಗಳು ಇರಬಹುದು. ಅಂಗಳದಲ್ಲಿ ಕೆದಕಿ ತಿನ್ನುವ ನಾಟಿ ಕೋಳಿಗೆ ಫಾರಂ ಕೋಳಿಗಿಂತ ಹೆಚ್ಚು ತಗುಲುತ್ತದೆ. ಆ ಗೂಡು ಸಾಯಲು ಮಾಂಸದ ಒಳಭಾಗ 67 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ಬೇರೆ ರೋಗಾಣುಗಳನ್ನೂ ಲೆಕ್ಕಕ್ಕೆ ತಂದು ಕೈಮಾಕ್ಕೆ 71, ಕೋಳಿಗೆ 74 ಡಿಗ್ರಿ ಎನ್ನುತ್ತಾರೆ. ಕುದಿಯುವ ಸಾರು, ಕುಕ್ಕರಿನಲ್ಲಿ ಕೂಗಿಸಿದ ಮಟನ್ ಇದನ್ನು ಎಂದೋ ದಾಟಿರುತ್ತವೆ. ಮೂಳೆಯ ಹತ್ತಿರ ಕೆಂಪು ನೀರು ಒಸರಬಾರದು, ಅಷ್ಟು ನೋಡಿ.

ತೊಂದರೆ ಇರುವುದು ಬೇರೆಡೆ. ಕೈಮಾ ಉಂಡೆ ಕಲಸುವಾಗ ಉಪ್ಪು ಖಾರ ಹಿಡಿದಿದೆಯೇ ಎಂದು ಹಸಿ ಕೈಮಾವನ್ನು ನಾಲಗೆಗೆ ಹಚ್ಚಿ ನೋಡುವ ಅಭ್ಯಾಸ ಎಷ್ಟೋ ಅಡುಗೆಮನೆಗಳಲ್ಲಿದೆ. ಮಗಳು ಅದನ್ನು ಮಾಡಲೇಬಾರದು, ಒಂದು ಚಿಟಿಕೆ ಹುರಿದು ನೋಡಲಿ. ದೊಡ್ಡ ಉರಿಯಲ್ಲಿ ಬಾಡಿಸಿ ಇಳಿಸುವ ಲಿವರ್ ಫ್ರೈ, ಹೊರಗೆ ಕಪ್ಪಾಗಿ ಒಳಗೆ ಗುಲಾಬಿಯಾಗೇ ಉಳಿಯುವ ಕಬಾಬು, ತಂದೂರಿ ಇವೆಲ್ಲ ಹೆರಿಗೆಯ ತನಕ ಬೇಡ. ಮೊಸರು, ನಿಂಬೆರಸ, ಉಪ್ಪಿನಲ್ಲಿ ರಾತ್ರಿಯಿಡೀ ನೆನೆಸಿಟ್ಟರೂ ಗೂಡು ಸಾಯುತ್ತದೆಂದು ನಂಬುವಂತಿಲ್ಲ. ಒಣಗಿಸಿ ಹೊಗೆ ಹಾಕಿದ ಮಾಂಸವನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಮೈಕ್ರೋವೇವ್ ಎಲ್ಲ ಕಡೆ ಒಂದೇ ಸಮ ಬಿಸಿ ಮಾಡುವುದಿಲ್ಲ.

ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಗೂಡುಗಳು ಬಹುಪಾಲು ಸಾಯುತ್ತವೆ. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುತ್ತದೆಂದು ನಂಬಬೇಡಿ.

ಮಾಂಸ ಹೆಚ್ಚಿದ ಮಣೆ, ಚಾಕುವಿನಲ್ಲೇ ಸೌತೆಕಾಯಿ ಈರುಳ್ಳಿ ಹೆಚ್ಚುವುದು ಇನ್ನೊಂದು ದಾರಿ. ಹಸಿಯಾಗಿ ತಿನ್ನುವುದನ್ನು ಮೊದಲು ಹೆಚ್ಚಿ ಮುಚ್ಚಿಡಿ, ಮಾಂಸಕ್ಕೆ ಆಮೇಲೆ ಕೈ ಹಾಕಿ. ಮಣೆ, ಚಾಕು, ಸಿಂಕು, ಕೈ ನಾಲ್ಕನ್ನೂ ಸೋಪು ಬಿಸಿನೀರಿನಲ್ಲಿ ತೊಳೆಯಿರಿ.

ಪ್ರಶ್ನೆ: ನಾವು ಮಾಂಸ ತಿನ್ನುವುದಿಲ್ಲ, ಬೆಕ್ಕು ಸಾಕಿಲ್ಲ. ನಮಗೆ ಇದರ ಭಯವಿಲ್ಲ ತಾನೇ? (ಬಾಗಲಕೋಟೆ)

ಕಡಿಮೆ, ಇಲ್ಲವೆನ್ನಲಾಗದು. ಬೆಕ್ಕಿನ ಮಲದ ಮೊಟ್ಟೆ ತೇವದ ಮಣ್ಣಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಬದುಕುತ್ತದೆ, ಮಳೆನೀರಿನೊಂದಿಗೆ ಕೆರೆ, ಬಾವಿ ಸೇರುತ್ತದೆ. ಕೆನಡಾದ ವಿಕ್ಟೋರಿಯಾ ನಗರದಲ್ಲಿ 1995ರಲ್ಲಿ ಕುಡಿಯುವ ನೀರಿನಿಂದ ಈ ಸೋಂಕು ಊರಿಗೇ ಹಬ್ಬಿತ್ತು. ನಮ್ಮ ಪಕ್ಕದ ಕೊಯಮತ್ತೂರಿನಲ್ಲಿ 2004–05ರಲ್ಲಿ ಟಾಕ್ಸೊಪ್ಲಾಸ್ಮಾದಿಂದ ಕಣ್ಣು ಕೆಟ್ಟವರು ಒಮ್ಮೆಲೇ ಹೆಚ್ಚಾದಾಗಲೂ ಬೊಟ್ಟು ಹೋದದ್ದು ನಗರಸಭೆಯ ನೀರಿನತ್ತ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್‌ಗೆ ಈ ಮೊಟ್ಟೆ ಜಗ್ಗುವುದಿಲ್ಲ. ನೀರು ಮಳ್ಳಿ ಒಂದು ನಿಮಿಷ ಕುದಿಯಲಿ. ಬಟ್ಟೆಯಲ್ಲಿ ಸೋಸಿದರೆ ಸಾಲದು.

ನಿಮ್ಮ ಕಡೆ ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ ಸೊಪ್ಪು ತಿನ್ನುತ್ತೀರಿ. ಒಳ್ಳೆಯ ಊಟವೇ, ತೊಳೆಯುವ ಬಗೆ ಸರಿಯಿರಬೇಕು. ಬೇರು ಕತ್ತರಿಸಿ ಎಲೆ ಬಿಡಿಸಿ, ದೊಡ್ಡ ಪಾತ್ರೆ ತುಂಬ ನೀರಲ್ಲಿ ಮುಳುಗಿಸಿ ಅಲುಗಾಡಿಸಿ. ಎಲೆಯನ್ನು ಮೇಲೆತ್ತಿಕೊಳ್ಳಿ, ನೀರು ಬಗ್ಗಿಸಿದರೆ ತಳದ ಮಣ್ಣು ಮತ್ತೆ ಎಲೆಗೇ ಹತ್ತುತ್ತದೆ. ನೀರು ಬದಲಿಸಿ ಮೂರು ಸಲ, ಆಮೇಲೆ ನಲ್ಲಿಯ ಕೆಳಗೆ ಒಮ್ಮೆ. ಉಪ್ಪುನೀರು, ಅರಿಸಿನ, ವಿನೆಗರ್ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಕೆಲಸ ಮಾಡುವುದು ನೀರಿನ ಹರಿವು. ಗಜ್ಜರಿ, ಮೂಲಂಗಿ ಸಿಪ್ಪೆ ಹೆರೆಯಿರಿ. ಹೊರಗಿನ ಪಚಡಿ, ಕೊತ್ತಂಬರಿ ಉದುರಿಸಿದ ಚಾಟ್ ಈ ತಿಂಗಳುಗಳಲ್ಲಿ ಬೇಡ. ಹೊಲ, ಕೈತೋಟ, ಹೂಕುಂಡದ ಕೆಲಸಕ್ಕೆ ಗ್ಲೌಸ್ ಇರಲಿ. ಮನೆ ಕಟ್ಟಲು ಹಾಕಿಸಿದ ಮರಳ ಗುಡ್ಡೆಯನ್ನು ರಾತ್ರಿ ಹೊದಿಸಿಡಿ, ಬೆಕ್ಕುಗಳಿಗೆ ಅದೇ ಇಷ್ಟದ ಜಾಗ.

ಇನ್ನು, ಪತ್ರಗಳಲ್ಲಿ ಯಾರೂ ಬರೆಯದ ವಿಷಯ: ಬಯಕೆಯೆಂದು ಮಣ್ಣು ತಿನ್ನುವುದು. ಎಷ್ಟೋ ಬಸುರಿಯರು ನಾಚಿಕೊಂಡು ಮುಚ್ಚಿಡುತ್ತಾರೆ. ಬೈದು ಬಿಡಿಸಲಾಗದು. ರಕ್ತಹೀನತೆ ಇದ್ದವರಲ್ಲಿ ಈ ಆಸೆ ಹೆಚ್ಚು, ಹಿಮೊಗ್ಲೋಬಿನ್ ನೋಡಿಸಿ ಕಬ್ಬಿಣದ ಮಾತ್ರೆ ಸರಿಯಾಗಿ ತೆಗೆದುಕೊಳ್ಳುವಂತೆ ಮಾಡಿ. ಮನೆಯ ಸುತ್ತಲಿನ ಹಸಿ ಮಣ್ಣಿನಲ್ಲಿ ಟಾಕ್ಸೊಪ್ಲಾಸ್ಮಾದ ಜೊತೆ ಜಂತುಹುಳುವಿನ ಮೊಟ್ಟೆಗಳೂ ಇರುತ್ತವೆ.

ಪ್ರಶ್ನೆ: ಪ್ಯಾರಿಸ್‌ನಲ್ಲಿದ್ದೇವೆ. ಇಲ್ಲಿ ನನಗೆ ಪ್ರತಿ ತಿಂಗಳು ಇದೇ ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನ ಅಕ್ಕನಿಗೆ ಒಮ್ಮೆಯೂ ಮಾಡಲಿಲ್ಲ. ಯಾರದು ಸರಿ?

ಫ್ರಾನ್ಸಿನಲ್ಲಿ ಈ ತಪಾಸಣೆ 1978ರಿಂದ ಇದೆ. ಸೋಂಕು ಇನ್ನೂ ಬಾರದ ಗರ್ಭಿಣಿಯರಿಗೆ ಪ್ರತಿ ತಿಂಗಳು ಎಂಬ ನಿಯಮ 1992ರಲ್ಲಿ ಬಂತು. ನಿಮ್ಮ ಐಜಿಜಿ ನೆಗೆಟಿವ್ ಇರುವುದರಿಂದಲೇ ತಿಂಗಳಿಗೊಮ್ಮೆ ನೋಡುತ್ತಿದ್ದಾರೆ. ತಪ್ಪಿಸಬೇಡಿ, ಅಲ್ಲಿನ ಅರೆಬೆಂದ ಸ್ಟೇಕ್, ಬೇಯಿಸದ ಹ್ಯಾಮ್ ಮುಟ್ಟಬೇಡಿ. ಭಾರತದಲ್ಲಿ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡುವ ಕಾರ್ಯಕ್ರಮವಿಲ್ಲ. ಅಕ್ಕನ ವೈದ್ಯರು ತಪ್ಪು ಮಾಡಿಲ್ಲ. ತಿಂಗಳು ತಿಂಗಳು ನೋಡುವ, ಸಂಶಯ ಬಂದರೆ ಅವಿಡಿಟಿ, ಪಿಸಿಆರ್ ಮಾಡುವ ಏರ್ಪಾಡು ಇಲ್ಲದೆ ಒಮ್ಮೆ ಮಾತ್ರ ಐಜಿಎಂ ನೋಡಿದರೆ ಹುಬ್ಬಳ್ಳಿಯ ಓದುಗರಿಗೆ ಆದಂತೆ ಭಯ ಮಾತ್ರ ಉಳಿಯುತ್ತದೆ. ಸ್ಕ್ಯಾನಿನಲ್ಲಿ ಮಗುವಿನ ಮೆದುಳಿನಲ್ಲಿ ನೀರು ಅಥವಾ ಸುಣ್ಣದ ಚುಕ್ಕೆ ಕಂಡಾಗ, ತಾಯಿಯ ಕುತ್ತಿಗೆಯಲ್ಲಿ ಗಂಟು, ಸಣ್ಣ ಜ್ವರ, ಸುಸ್ತು ವಾರಗಟ್ಟಲೆ ಇದ್ದಾಗ ಪರೀಕ್ಷೆ ಮಾಡಿಸಬೇಕು.

ಚಿಕ್ಕ ಪ್ರಶ್ನೆಗಳಿಗೆ ಚಿಕ್ಕ ಉತ್ತರ

ನಾಯಿಯಿಂದ? ನಾಯಿಯ ಮಲದಲ್ಲಿ ಈ ಮೊಟ್ಟೆ ಬರುವುದಿಲ್ಲ. ಬೆಕ್ಕಿನ ಮಲದಲ್ಲಿ ಹೊರಳಾಡಿ ಬಂದ ನಾಯಿಯ ಮೈಗೆ ಅಂಟಿರಬಹುದು, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಮೇಕೆ ಹಾಲು? ಕಾಯಿಸದ ಮೇಕೆ ಹಾಲಿನಿಂದ ಸೋಂಕು ಬಂದ ದಾಖಲೆಗಳಿವೆ. ಉಕ್ಕಿಸಿ ಕುಡಿಯಿರಿ.

ಎದೆಹಾಲು? ಧಾರಾಳವಾಗಿ ಕೊಡಿ.

ಈಗಷ್ಟೇ ಸೋಂಕಾಗಿದೆ, ಮಗುವಿಗೆ ಯಾವಾಗ ಯೋಚಿಸಬಹುದು? ಆರು ತಿಂಗಳು ಕಾಯಿರಿ.

ಪ್ರಶ್ನೆ: ಆರನೇ ತಿಂಗಳಲ್ಲಿ ಸೋಂಕು ಖಚಿತವಾಗಿ ಚಿಕಿತ್ಸೆ ಪಡೆದೆ. ಮಗು ಹುಟ್ಟಿ ಎರಡು ತಿಂಗಳು, ನೋಡಲು ಚೆನ್ನಾಗಿಯೇ ಇದೆ. ಇನ್ನೂ ಪರೀಕ್ಷೆಗಳು ಬೇಕೆ? (ಶಿವಮೊಗ್ಗ)

ಬೇಕು. ಸೋಂಕಿರುವ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವಾಗ ಸಾಮಾನ್ಯವಾಗಿಯೇ ಕಾಣುತ್ತಾರೆ, ಕಣ್ಣಿನ ತೊಂದರೆ ವರ್ಷಗಳ ನಂತರ, ಹದಿಹರೆಯದಲ್ಲೂ ಕಾಣಿಸಿಕೊಳ್ಳಬಹುದು. ಈಗ ಆಗಬೇಕಾದ್ದು: ಪಾಪೆಗೆ ಔಷಧ ಬಿಟ್ಟು ಅಕ್ಷಿಪಟಲದ ಪರೀಕ್ಷೆ, ನೆತ್ತಿಯ ಮೂಲಕ ಮೆದುಳಿನ ಸ್ಕ್ಯಾನ್, ಕಿವಿ ಕೇಳುವ ಪರೀಕ್ಷೆ, ಮಗುವಿನ ರಕ್ತದಲ್ಲಿ ಐಜಿಎಂ ಮತ್ತು ಐಜಿಎ ಎಂಬ ಇನ್ನೊಂದು ಬಗೆಯ ಪ್ರತಿಕಾಯ. ಮಗುವಿನ ಐಜಿಜಿ ಈಗ ಪಾಸಿಟಿವ್ ಬಂದರೆ ಹೆದರಬೇಡಿ, ಅದು ಮಾಸಿನ ಮೂಲಕ ಬಂದ ನಿಮ್ಮದೇ ಐಜಿಜಿ ಇರಬಹುದು. ತಾಯಿಯಿಂದ ಬಂದದ್ದಾದರೆ ತಿಂಗಳು ತಿಂಗಳಿಗೂ ಇಳಿಯುತ್ತ ಒಂದು ವರ್ಷದೊಳಗೆ ಮಾಯವಾಗುತ್ತದೆ. ವರ್ಷ ತುಂಬಿದ ಮೇಲೂ ಉಳಿದರೆ ಮಗುವಿಗೆ ಸೋಂಕಿದೆ ಎಂದೇ ಅರ್ಥ. ಸೋಂಕು ಖಚಿತವಾದ ಮಗುವಿಗೆ ಸಾಮಾನ್ಯವಾಗಿ ಒಂದು ವರ್ಷ ಔಷಧ ಕೊಡುತ್ತಾರೆ, ನಡುವೆ ಬಿಡಬಾರದು. ಮಗು ಮಾತು ಕಲಿತ ಮೇಲೆ ಕಣ್ಣು ಮಂಜು, ಕಪ್ಪು ಚುಕ್ಕೆ ಎಂದು ಹೇಳಿದರೆ ಕನ್ನಡಕದ ಅಂಗಡಿಗಲ್ಲ, ಅಕ್ಷಿಪಟಲ ತಜ್ಞರ ಬಳಿ ಕರೆದುಕೊಂಡು ಹೋಗಿ, ಈ ಸೋಂಕಿನ ಕಾಗದಗಳನ್ನು ಅವರಿಗೆ ತೋರಿಸಿ.